ಪುಟ್ಟ ನಾಯಿ, ಮುರಿದ ಕಾಲು, ಎಂಟು ವಾರದ ಆರೈಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಲ್ಲಿ ನಾಯಿಗೆ ಹಿಂದಿನಿಂದಲೂ ಕೆಲಸವಿತ್ತು. ತೋಟಕ್ಕೆ ಇಳಿದ ಮಂಗಗಳನ್ನು ಓಡಿಸಬೇಕು, ಗದ್ದೆಗೆ ಬರುವ ಹಂದಿಯ ಸುಳಿವು ಕೊಡಬೇಕು, ರಾತ್ರಿ ಅಂಗಳದಲ್ಲಿ ಸದ್ದಾದರೆ ಮನೆಯವರನ್ನು ಎಬ್ಬಿಸಬೇಕು. ಗಟ್ಟಿಮುಟ್ಟಾದ ಊರುನಾಯಿಗೆ ಅದು ಸಾಧ್ಯವಿತ್ತು. ಈಗ ಅದೇ ಜಗಲಿಯ ಮೇಲೆ ಇನ್ನೊಂದು ಬಗೆಯ ನಾಯಿಯೂ ಮಲಗಿರುತ್ತದೆ. ಬೆಂಗಳೂರಿನಲ್ಲಿರುವ ಮಗನೋ ಮಗಳೋ ಪ್ರೀತಿಯಿಂದ ತಂದು, ಕೊನೆಗೆ ಊರಿನ ಅಪ್ಪ-ಅಮ್ಮನ ಮಡಿಲಿಗೆ ಬಿಟ್ಟುಹೋದ ಪೊಮೆರೇನಿಯನ್, ಚಿವಾವಾ, ಮಿನಿಯೇಚರ್ ಪಿನ್ಷರ್. ನಾವು ಪೊಮೆರೇನಿಯನ್ ಎಂದು ಕರೆಯುವ ಎಷ್ಟೋ ನಾಯಿಗಳು ನಿಜಕ್ಕೂ ಇಂಡಿಯನ್ ಸ್ಪಿಟ್ಜ್. ಅವು ಸ್ವಲ್ಪ ದೊಡ್ಡವು. ಅಸಲಿ ಪೊಮೆರೇನಿಯನ್ ತೂಕ ಎರಡು-ಮೂರು ಕೆ.ಜಿ. ದಾಟುವುದು ಅಪರೂಪ.

ಇಂಥ ನಾಯಿಯ ಕಾಲು ಮುರಿಯುವುದಕ್ಕೆ ದೊಡ್ಡ ಅಪಘಾತವೇ ಆಗಬೇಕಿಲ್ಲ. ಭೈರುಂಬೆ ಬದಿಯ ಹುಲಗೋಳದಂಥ ಊರಿನ ಮನೆ ಹೇಗಿರುತ್ತದೆ ನೋಡಿ: ಮಳೆನೀರು ಒಳಗೆ ನುಗ್ಗದಿರಲೆಂದು ಎತ್ತರಿಸಿ ಕಟ್ಟಿದ ಜಗಲಿ, ಕಾಲಿಟ್ಟರೆ ಜಾರುವ ಕೆಂಪು ನೆಲ ಇಲ್ಲವೇ ಹೊಸದಾಗಿ ಹಾಕಿಸಿದ ಟೈಲ್ಸ್, ಅಂಗಳದ ಅಂಚಿಗೆ ದಣಪೆ, ಪಕ್ಕದಲ್ಲಿ ಕೊಟ್ಟಿಗೆ. ಮಗುವಿನ ತೋಳಿನಿಂದ ಕೊಸರಿಕೊಂಡು ಹಾರಿದಾಗ, ದಣಪೆಯ ಸಂದಿಯಲ್ಲಿ ಕಾಲು ಸಿಕ್ಕಿಕೊಂಡಾಗ, ಹಸು ಒದ್ದಾಗ, ಕಾರು ಹಿಂದಕ್ಕೆ ಬಂದಾಗ ಒಂದು ಕಿರುಚಾಟ ಕೇಳುತ್ತದೆ. ಓಡಿಹೋಗಿ ನೋಡಿದರೆ ನಾಯಿ ಒಂದು ಕಾಲನ್ನು ಎತ್ತಿಕೊಂಡು ನಿಂತಿರುತ್ತದೆ. ಆಗ ಮನೆಯ ಹಿರಿಯರು ಒಂದು ಮಾತು ಹೇಳುವುದುಂಟು: "ನಾಲ್ಕು ದಿನ ಬಿಟ್ರೆ ತನ್ನಷ್ಟಕ್ಕೇ ಸರಿ ಆಗ್ತು ಬಿಡು."

ಊರುನಾಯಿಗಳನ್ನು ಕಂಡ ಅನುಭವದಿಂದ ಬಂದ ಮಾತು ಅದು. ಆದರೆ ಪುಟ್ಟ ತಳಿಯ ನಾಯಿಯ ಮುಂಗಾಲಿಗೆ ಅದು ಅನ್ವಯಿಸುವುದಿಲ್ಲ. ಪಶುವೈದ್ಯರು ಕೂಡಿಸಲು ಅತಿ ಹೆಚ್ಚು ಕಷ್ಟಪಡುವ ಮುರಿತಗಳಲ್ಲಿ ಇದೂ ಒಂದು.

ಆ ಎಲುಬೇ ಏಕೆ?

ನಾಯಿಯ ಮುಂಗಾಲಿನ ಕೆಳಭಾಗದಲ್ಲಿ ರೇಡಿಯಸ್ ಮತ್ತು ಅಲ್ನಾ ಎಂಬ ಎರಡು ಎಲುಬುಗಳಿವೆ. ಹಾರಿ ನೆಲ ಮುಟ್ಟುವಾಗ ಮೈಭಾರವೆಲ್ಲ ಮೊದಲು ಬೀಳುವುದು ಇವುಗಳ ಮೇಲೆ. ಮೂರು ಕೆ.ಜಿ.ಯ ನಾಯಿಯಲ್ಲಿ ರೇಡಿಯಸ್ ಮಕ್ಕಳು ಬರೆಯುವ ಪೆನ್ಸಿಲಿಗಿಂತ ತೆಳು, ಸುಮಾರು 5 ಮಿ.ಮೀ. ಅಷ್ಟೇ. ಎಲುಬು ದಪ್ಪದಲ್ಲಿ ಸ್ವಲ್ಪ ಕಡಿಮೆಯಾದರೂ ಬಾಗುವಿಕೆಯನ್ನು ತಡೆಯುವ ಅದರ ಶಕ್ತಿ ಬಹಳಷ್ಟು ಕುಸಿಯುತ್ತದೆ. ಹಾಗಾಗಿಯೇ ಸೋಫಾದಿಂದ ಹಾರಿದರೂ ಮುಂಗಾಲು ಮುರಿಯುತ್ತದೆ. ಮುರಿಯುವುದು ಹೆಚ್ಚಾಗಿ ಮಣಿಕಟ್ಟಿಗಿಂತ ತುಸು ಮೇಲೆ, ಎಲುಬಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ.

ತೊಂದರೆ ಇರುವುದೂ ಅಲ್ಲಿಯೇ. ಮುರಿದ ಎಲುಬು ಕೂಡಲು ರಕ್ತ ಬೇಕು. ತೊಡೆಯ ಎಲುಬಿನ ಸುತ್ತ ದಪ್ಪ ಮಾಂಸಖಂಡವಿದೆ, ಅದು ರಕ್ತ ಒದಗಿಸುತ್ತದೆ. ಮಣಿಕಟ್ಟಿನ ಮೇಲೆ ಹಾಗಿಲ್ಲ. ಅಲ್ಲಿರುವುದು ಚರ್ಮ, ಸ್ನಾಯುರಜ್ಜು, ಅದರ ಕೆಳಗೆ ನೇರವಾಗಿ ಎಲುಬು. ಸಾಲದ್ದಕ್ಕೆ, ಪುಟ್ಟ ತಳಿಗಳಲ್ಲಿ ಆ ಜಾಗದ ಎಲುಬಿನೊಳಗಿನ ಸಣ್ಣ ರಕ್ತನಾಳಗಳ ಜಾಲವೂ ದೊಡ್ಡ ನಾಯಿಗಳಿಗಿಂತ ವಿರಳವೆಂದು ಅಧ್ಯಯನಗಳು ತೋರಿಸಿವೆ. ಮುರಿದ ತುದಿಗಳು ಒಂದಕ್ಕೊಂದು ತಾಗುವ ಜಾಗವೂ ಕಿರಿದು. ಸ್ವಲ್ಪ ಸರಿದರೂ ಸಂಪರ್ಕವೇ ತಪ್ಪುತ್ತದೆ. ಎಲುಬು ಸೊಟ್ಟಗೆ ಕೂಡುವುದು ಅಥವಾ ಕೂಡದೇ ಉಳಿಯುವುದು ಈ ಎಲ್ಲ ಕಾರಣಗಳಿಂದ.

ಮೊದಲ ಗಂಟೆ

ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಅದು ಸಿಟ್ಟಲ್ಲ, ಭಯ. ಉಸಿರಾಟ ಸರಾಗವಾಗಿದ್ದರೆ ಮೆತ್ತನೆಯ ಬಟ್ಟೆಯಿಂದ ಬಾಯಿಯನ್ನು ಹಗುರವಾಗಿ ಕಟ್ಟಬಹುದು. ವಾಂತಿ ಅಥವಾ ಏದುಸಿರು ಇದ್ದರೆ ಕಟ್ಟಬಾರದು. ಕಂಬಳಿ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲೋ ಅಗಲವಾದ ಬುಟ್ಟಿಯಲ್ಲೋ ಮಲಗಿಸಿದರೆ ಅದೇ ಒಳ್ಳೆಯ ಆಂಬುಲೆನ್ಸು. ಕಾಲು ಮುರಿದಿದೆಯೋ ಇಲ್ಲವೋ ಎಂದು ತಿರುಗಿಸಿ, ಜಗ್ಗಿ ನೋಡಬಾರದು. ಎಲುಬು ಚರ್ಮ ಸೀಳಿ ಹೊರಬಂದಿದ್ದರೆ ಶುಚಿಯಾದ ಒಣ ಬಟ್ಟೆ ಮುಚ್ಚಿ ಹೊರಡಬೇಕು. ಅರಿಸಿನ, ಕಾಫಿಪುಡಿ, ಸೊಪ್ಪಿನ ರಸ ಯಾವುದೂ ಬೇಡ.

ಮನೆಯಲ್ಲೇ ಬಿದಿರಿನ ದಬ್ಬೆ ಇಟ್ಟು ಕಟ್ಟುವ ಆಸೆ ಹಲವರಿಗೆ ಬರುತ್ತದೆ. ಇಲ್ಲೊಂದು ನಿಯಮ ತಿಳಿದಿರಬೇಕು. ಮುರಿದ ಎಲುಬಿನ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗದಂತೆ ಹಿಡಿದಾಗ ಮಾತ್ರ ಪಟ್ಟಿ ಕೆಲಸ ಮಾಡುತ್ತದೆ. ತೊಡೆ ಅಥವಾ ಭುಜದ ಎಲುಬು ಮುರಿದಿದ್ದರೆ ಮೇಲಿನ ಕೀಲು ಮೈಯೊಳಗೇ ಇರುವುದರಿಂದ ಅದನ್ನು ಹಿಡಿಯಲು ಬರುವುದಿಲ್ಲ. ಆಗ ಕಟ್ಟಿದ ದಬ್ಬೆಯ ಭಾರ ಮುರಿದ ಜಾಗದಲ್ಲೇ ಜೋತು ಬಿದ್ದು ಗಾಯ ಹೆಚ್ಚಾಗುತ್ತದೆ. ಬಿಗಿಯಾಗಿ ಕಟ್ಟಿದರಂತೂ ರಕ್ತಸಂಚಾರ ನಿಂತು ಪಾದವೇ ಕೊಳೆಯಬಹುದು. ಗೊತ್ತಿಲ್ಲದೆ ಕಟ್ಟುವುದಕ್ಕಿಂತ ಪೆಟ್ಟಿಗೆಯಲ್ಲಿ ಅಲುಗದಂತೆ ಮಲಗಿಸಿ ಕರೆದೊಯ್ಯುವುದೇ ಮೇಲು.

ಇನ್ನು ನೋವಿನ ಗುಳಿಗೆ. ಮನೆಯ ಔಷಧದ ಡಬ್ಬಿಯಲ್ಲಿರುವ ಐಬುಪ್ರೊಫೇನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಉಂಟುಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಅವುಗಳ ಕಳೇಬರ ತಿಂದ ರಣಹದ್ದುಗಳನ್ನು ಅಳಿವಿನಂಚಿಗೆ ತಳ್ಳಿದ ಕಾರಣ, 2006ರಲ್ಲಿ ಭಾರತದಲ್ಲಿ ಅದರ ಪಶುಬಳಕೆಯನ್ನೇ ನಿಷೇಧಿಸಲಾಯಿತು. ಪಶುವೈದ್ಯರು ಬಳಸುವ ಮೆಲಾಕ್ಸಿಕಾಮ್ ಕೂಡ ಅಳತೆ ತಪ್ಪಿದರೆ ವಿಷವೇ. ನಾಯಿಗೆ ದಿನನಿತ್ಯದ ಪ್ರಮಾಣ ಕೆ.ಜಿ. ತೂಕಕ್ಕೆ 0.1 ಮಿ.ಗ್ರಾಂ ಆಸುಪಾಸು. ಮೂರು ಕೆ.ಜಿ. ನಾಯಿಗೆ 0.3 ಮಿ.ಗ್ರಾಂ. ಮನುಷ್ಯರ ಗುಳಿಗೆಯಲ್ಲಿರುವುದು 7.5 ಮಿ.ಗ್ರಾಂ. ಅಂದರೆ ಒಂದೇ ಗುಳಿಗೆಯಲ್ಲಿ ಇಪ್ಪತ್ತೈದು ದಿನದ ಔಷಧ ಹೊಟ್ಟೆಗೆ ಹೋಗುತ್ತದೆ. ವೈದ್ಯರು ತೂಕ ನೋಡಿ ಕೊಟ್ಟದ್ದನ್ನು ಬಿಟ್ಟು ಬೇರೇನೂ ಬೇಡ.

ಪಟ್ಟಿಯೋ, ಪ್ಲೇಟೋ?

ಎಕ್ಸ್-ರೇ ಇಲ್ಲದೆ ಈ ಪ್ರಶ್ನೆಗೆ ಉತ್ತರವಿಲ್ಲ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಹೀಗೆ ಎರಡು ಚಿತ್ರ ಬೇಕು. ಒಂದು ಕೋನದಲ್ಲಿ ನೇರವಾಗಿ ಕಾಣುವ ಎಲುಬು ಇನ್ನೊಂದರಲ್ಲಿ ಪೂರ್ತಿ ಪಕ್ಕಕ್ಕೆ ಸರಿದಿರಬಹುದು. ಮರಿಯಾಗಿದ್ದರೆ ಎಲುಬಿನ ತುದಿಯ ಬೆಳವಣಿಗೆಯ ಪದರಕ್ಕೆ ಪೆಟ್ಟಾಗಿದೆಯೇ ಎಂದೂ ನೋಡಬೇಕು. ಅಲ್ನಾ ಎಲುಬಿನ ಕೆಳತುದಿಯ ಪದರ ಜಖಂಗೊಂಡರೆ ಒಂದು ಎಲುಬು ಬೆಳೆದು ಇನ್ನೊಂದು ನಿಂತುಹೋಗಿ ಕಾಲು ಬಿಲ್ಲಾಗುತ್ತದೆ.

ಮೂರು-ನಾಲ್ಕು ತಿಂಗಳ ಮರಿಯಲ್ಲಿ ಎಲುಬು ಬಿರುಕು ಬಿಟ್ಟು, ಜಾಗ ಬಿಡದೆ ನಿಂತಿದ್ದರೆ ಪಟ್ಟಿ ಸಾಕಾಗಬಹುದು. ಹತ್ತಿಯ ದಪ್ಪ ಪದರಗಳನ್ನು ಸುತ್ತಿ ಕಟ್ಟುವ ರಾಬರ್ಟ್ ಜೋನ್ಸ್ ಬ್ಯಾಂಡೇಜು ಪಶುವೈದ್ಯರಿಗೆ ಚಿರಪರಿಚಿತ. ಲಿವರ್‌ಪೂಲಿನಲ್ಲಿ ಮನುಷ್ಯರ ಎಲುಬು ಕೂಡಿಸುತ್ತಿದ್ದ ಸರ್ ರಾಬರ್ಟ್ ಜೋನ್ಸ್ ಅವರ ಹೆಸರು ಅದಕ್ಕೆ ಬಂದಿದೆ. ಆದರೆ ಬೆಳೆದ ಪುಟ್ಟ ನಾಯಿಯಲ್ಲಿ ಎರಡೂ ಎಲುಬು ಪೂರ್ತಿ ಮುರಿದಿದ್ದರೆ ಬರೀ ಪಟ್ಟಿಯನ್ನು ನಂಬುವುದು ಅಪಾಯ. ಊತ ಇಳಿದಂತೆ ಪಟ್ಟಿ ಸಡಿಲವಾಗುತ್ತದೆ, ಒಳಗೆ ಎಲುಬು ಅಲುಗುತ್ತದೆ, ಸ್ನಾಯುಗಳು ಪಾದವನ್ನು ಒಂದು ಕಡೆಗೆ ಎಳೆಯುತ್ತವೆ. ಆರು ವಾರ ಕಾದು ಬಿಚ್ಚಿದಾಗ ಎಲುಬು ಕೂಡಿರುವುದಿಲ್ಲ, ಇದ್ದ ಎಲುಬೂ ಸವೆದಿರುತ್ತದೆ.

ಇಂಥಲ್ಲಿ ಪ್ಲೇಟು, ಸ್ಕ್ರೂ ಹಾಕುವುದು ಉತ್ತಮ ದಾರಿ. ಕೆಲವೊಮ್ಮೆ ಹೊರಗಿನಿಂದ ಸರಳು ಜೋಡಿಸುವ ಫಿಕ್ಸೇಟರ್ ಬಳಸುತ್ತಾರೆ. ಈ ಶಸ್ತ್ರಚಿಕಿತ್ಸೆಯ ಸೂಕ್ಷ್ಮ ಒಂದು ಲೆಕ್ಕದಲ್ಲೇ ತಿಳಿಯುತ್ತದೆ. ಸ್ಕ್ರೂವಿನ ದಪ್ಪ ಎಲುಬಿನ ಅಗಲದ ಶೇ 40 ದಾಟಬಾರದು, ದಾಟಿದರೆ ಸ್ಕ್ರೂ ಹಾಕಿದ ತೂತಿನಲ್ಲೇ ಎಲುಬು ಮತ್ತೆ ಮುರಿಯುತ್ತದೆ. 5 ಮಿ.ಮೀ. ಎಲುಬಿಗೆ ಮಿತಿ 2 ಮಿ.ಮೀ. ಸ್ಕ್ರೂ. ಎಷ್ಟೋ ನಾಯಿಗಳಿಗೆ 1.5 ಮಿ.ಮೀ. ಸ್ಕ್ರೂವೇ ಬೇಕು. ಪ್ಲೇಟು ತೀರಾ ದಪ್ಪವಾದರೆ ಭಾರವನ್ನೆಲ್ಲ ಅದೇ ಹೊತ್ತು, ಕೆಲಸವಿಲ್ಲದ ಎಲುಬು ತೆಳುವಾಗುತ್ತ ಹೋಗುತ್ತದೆ. ಆದ್ದರಿಂದ ಇಷ್ಟು ಸಣ್ಣ ಸಲಕರಣೆ ಇರುವ, ಪುಟ್ಟ ನಾಯಿಗಳ ಎಲುಬಿನ ಶಸ್ತ್ರಚಿಕಿತ್ಸೆ ಮಾಡಿ ರೂಢಿಯಿರುವ ವೈದ್ಯರೇ ಬೇಕು.

ನಮ್ಮ ಸೀಮೆಯ ಪಶುವೈದ್ಯ ವ್ಯವಸ್ಥೆ ಬೆಳೆದದ್ದು ಹಸು, ಎಮ್ಮೆಗಳ ಸುತ್ತ. ಹೆರಿಗೆ, ಕೆಚ್ಚಲುಬಾವು, ಕಾಲುಬಾಯಿ ಜ್ವರಕ್ಕೆ ಹಗಲಿರುಳು ಓಡಾಡುವ ವೈದ್ಯರೇ ಮೊದಲ ಎಕ್ಸ್-ರೇ, ನೋವಿನ ಇಂಜೆಕ್ಷನ್, ತಾತ್ಕಾಲಿಕ ಪಟ್ಟಿಗೆ ದಾರಿ ತೋರಿಸಬಲ್ಲರು. ಮೊದಲು ತಾಲ್ಲೂಕು ಪಶು ಆಸ್ಪತ್ರೆಗೆ ಫೋನ್ ಮಾಡಿ. ಇಲಾಖೆಯ ಸಂಚಾರಿ ಪಶುಚಿಕಿತ್ಸಾ ಸೇವೆಯ ಸಹಾಯವಾಣಿ 1962 ಕೂಡ ಇದೆ. ಪ್ಲೇಟು ಹಾಕಿಸಬೇಕೆಂದಾದರೆ ಶಿರಸಿಯಿಂದ ಸುಮಾರು ನೂರು ಕಿ.ಮೀ. ದೂರದ ಹುಬ್ಬಳ್ಳಿ, ಸಾಗರದ ಮೇಲೆ ಹೋದರೆ ಪಶುವೈದ್ಯಕೀಯ ಕಾಲೇಜು ಇರುವ ಶಿವಮೊಗ್ಗ, ಅಲ್ಲಿಂದಾಚೆ ಬೆಂಗಳೂರಿನ ಹೆಬ್ಬಾಳದ ಕಾಲೇಜು. ಹೊರಡುವ ಮೊದಲೇ ಫೋನ್ ಮಾಡಿ ಎರಡು ವಿಷಯ ಕೇಳಿ: ಇಷ್ಟು ತೂಕದ ನಾಯಿಗೆ ಪ್ಲೇಟು ಹಾಕುತ್ತೀರಾ, ಎಷ್ಟು ಹೊತ್ತು ಉಪವಾಸ ಇಡಬೇಕು? ಎರಡನೆಯದು ಮುಖ್ಯ. ತೀರಾ ಪುಟ್ಟ ಮರಿಯನ್ನು ರಾತ್ರಿಯಿಡೀ ಹಸಿದಿಟ್ಟರೆ ರಕ್ತದ ಸಕ್ಕರೆ ಅಂಶ ಕುಸಿಯುತ್ತದೆ. ಅರಿವಳಿಕೆಯಲ್ಲಿ ಮೈಬಿಸಿಯೂ ಬೇಗ ಇಳಿಯುವುದರಿಂದ ವಾಪಸು ಬರುವಾಗ ಬೆಚ್ಚನೆಯ ಹೊದಿಕೆ ಜೊತೆಗಿರಲಿ. ಅಪಘಾತದ ದಿನ ನಾಯಿಯ ಉಸಿರಾಟ, ಮೂತ್ರ ಸರಿಯಿದೆಯೇ ಎಂದು ನೋಡಿಕೊಂಡು, ನೋವಿಗೆ ಔಷಧ ಕೊಡಿಸಿ, ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆಗೆ ತಲುಪಿದರೆ ಒಳ್ಳೆಯದು.

ಮಂಗರವಳ್ಳಿಯ ಮಾತು

ಎಲುಬು ಮುರಿತ ಎಂದೊಡನೆ ನಮ್ಮಲ್ಲಿ ನೆನಪಾಗುವುದು ಮಂಗರವಳ್ಳಿ, ಅಂದರೆ ಸಂದುಬಳ್ಳಿ. ಗಿಣ್ಣು ಗಿಣ್ಣಾಗಿ ಬೆಳೆಯುವ ಈ ಬಳ್ಳಿಯನ್ನು ಸಂಸ್ಕೃತದಲ್ಲಿ ಅಸ್ಥಿಶೃಂಖಲಾ ಎನ್ನುತ್ತಾರೆ. ಇದು ಬರೀ ನಂಬಿಕೆಯ ಮಾತಲ್ಲ. ಉಡುಪಿ ಕಡೆಯಿಂದ ಹೋಗಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹೆಸರಾದ ಶಸ್ತ್ರವೈದ್ಯ ಕೆ.ಎನ್. ಉಡುಪ ಮತ್ತು ಅವರ ಸಹೋದ್ಯೋಗಿ ಜಿ.ಸಿ. ಪ್ರಸಾದ್ 1960ರ ದಶಕದ ಆರಂಭದಲ್ಲೇ ಪ್ರಯೋಗಪ್ರಾಣಿಗಳ ಮೇಲೆ ಇದನ್ನು ಪರೀಕ್ಷಿಸಿ, ಮುರಿತ ಬೇಗ ಕೂಡಲು ಬಳ್ಳಿ ನೆರವಾಗುತ್ತದೆಂದು ಪ್ರಕಟಿಸಿದ್ದರು. ಆದರೆ ಬಳ್ಳಿ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಸ್ಪಷ್ಟವಿರಬೇಕು. ಸರಿದುಹೋದ ಎಲುಬನ್ನು ಅದು ಜಾಗಕ್ಕೆ ತರಲಾರದು, ಅಲುಗದಂತೆ ಹಿಡಿಯಲಾರದು. ನಾಯಿಗೆ ಎಷ್ಟು ಕೊಡಬೇಕೆಂಬ ಅಳತೆಯನ್ನು ಮನೆಯಲ್ಲಿ ಊಹಿಸುವುದೂ ತಪ್ಪು. ಹಸಿಬಳ್ಳಿ ಬಾಯಿಗೆ, ಚರ್ಮಕ್ಕೆ ತುರಿಕೆ ತರುತ್ತದೆ. ಬ್ಯಾಂಡೇಜಿನ ಕೆಳಗೆ ಲೇಪ ಹಚ್ಚಿದರೆ ಚರ್ಮ ಬೆಂದು ಹುಣ್ಣಾದೀತು.

ಮನೆಗೆ ಬಂದ ಮೇಲೆ

ವೈದ್ಯರ ಕೆಲಸ ಒಂದೆರಡು ತಾಸಿನದು. ಉಳಿದದ್ದು ಮನೆಯವರದು. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ನಂತರ ಮೆತ್ತನೆಯ ಕೂಡುಪದರ ಮೂಡುತ್ತದೆ, ಆಮೇಲೆ ಅದು ಗಟ್ಟಿ ಎಲುಬಾಗುತ್ತದೆ. ಎಳೆಯ ಮರಿಯಲ್ಲಿ ಇದಕ್ಕೆ ಮೂರು-ನಾಲ್ಕು ವಾರ ಸಾಕು. ಬೆಳೆದ ನಾಯಿಗೆ ಎಂಟರಿಂದ ಹನ್ನೆರಡು ವಾರ ಬೇಕು. ಸಮಸ್ಯೆಯೆಂದರೆ ನಾಯಿಗೆ ಹತ್ತನೇ ದಿನಕ್ಕೇ ನೋವು ಕಡಿಮೆಯಾಗಿ ಓಡುವ ಹುಮ್ಮಸ್ಸು ಬರುತ್ತದೆ. ಹೆಚ್ಚಿನ ಪ್ಲೇಟುಗಳು ಬಾಗುವುದು, ಸ್ಕ್ರೂ ಕಿತ್ತುಬರುವುದು ಈ ಹುಮ್ಮಸ್ಸಿನ ದಿನಗಳಲ್ಲೇ.

ಆದ್ದರಿಂದ ನಾಯಿಗೊಂದು ಪುಟ್ಟ ಕೋಣೆ ಬೇಕು. ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಲುವಷ್ಟು ಜಾಗ, ಹಾರಲು ಸಾಲದಷ್ಟು ಎತ್ತರ. ಪಂಜರವಿಲ್ಲದಿದ್ದರೆ ಬಡಗಿಯಿಂದ ರೀಪು ಹೊಡೆಸಿ ಮೂಲೆಯೊಂದಕ್ಕೆ ತಡೆ ಮಾಡಿಸಬಹುದು. ಅದು ಜನ ಓಡಾಡುವ ಜಾಗದಲ್ಲಿರಲಿ. ಒಂಟಿಯಾಗಿ ಹಿಂದಿನ ಕೋಣೆಗೆ ಹಾಕಿದರೆ ಕೂಗಿ, ಗೀರಿ ಕಾಲಿಗೆ ಇನ್ನಷ್ಟು ಪೆಟ್ಟು ಮಾಡಿಕೊಳ್ಳುತ್ತದೆ. ಅಡಿಗೆ ಗೋಣಿಚೀಲ, ಮೇಲೆ ಕಂಬಳಿ ಹಾಸಿದರೆ ಜಾರುವುದಿಲ್ಲ. ಮಲಮೂತ್ರಕ್ಕೆ ಎತ್ತಿಕೊಂಡು ಹೋಗಿ, ಹಗ್ಗ ಹಿಡಿದೇ ಅಂಗಳದಲ್ಲಿ ಬಿಟ್ಟು, ಮುಗಿದೊಡನೆ ಎತ್ತಿಕೊಂಡು ಬರಬೇಕು. ರಾತ್ರಿ ಬಾಗಿಲು ಹಾಕಿದ ಮನೆಯೊಳಗೇ ಇರಬೇಕು. ಚಿರತೆಗೆ ನಾಯಿ ಸುಲಭದ ಬೇಟೆಯೆಂಬುದು ಕಾಡಂಚಿನ ಮನೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಓಡಲಾಗದ ನಾಯಿಗೆ ಜಗಲಿಯೂ ಸುರಕ್ಷಿತವಲ್ಲ.

ಪಟ್ಟಿ ಇದ್ದರೆ ದಿನಕ್ಕೆರಡು ಸಲ ಪಾದ ನೋಡುವುದು ಕಡ್ಡಾಯ. ವೈದ್ಯರು ನಡುವಿನ ಎರಡು ಬೆರಳ ತುದಿಯನ್ನು ಹೊರಗೆ ಬಿಟ್ಟಿರುತ್ತಾರೆ, ಅದು ಇದಕ್ಕಾಗಿಯೇ. ಆ ಎರಡು ಉಗುರು ಒಂದಕ್ಕೊಂದು ಹತ್ತಿರವಿದ್ದರೆ ಸರಿ. ಅಗಲವಾಗಿ ದೂರ ಸರಿದಿದ್ದರೆ ಒಳಗೆ ಊತವಿದೆ. ಬೆರಳು ಮುಟ್ಟಿ ನೋಡಿ, ಇನ್ನೊಂದು ಕಾಲಿನಷ್ಟೇ ಬೆಚ್ಚಗಿರಬೇಕು. ತಣ್ಣಗಾಗಿದ್ದರೆ, ವಾಸನೆ ಬಂದರೆ, ಪಟ್ಟಿ ಜಾರಿದ್ದರೆ, ನಾಯಿ ಒಂದೇ ಸಮನೆ ಕಚ್ಚುತ್ತಿದ್ದರೆ ಅಂದೇ ವೈದ್ಯರ ಬಳಿ ಹೋಗಬೇಕು. ನಾಳೆಗೆ ಬಿಡುವ ವಿಷಯ ಅದಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದೇ ಕಷ್ಟ, ಬ್ಯಾಂಡೇಜಿನ ಪಾಡಂತೂ ಕೇಳಬೇಕಿಲ್ಲ. ಹೊರಗೆ ಹೋಗುವಾಗ ಪ್ಲಾಸ್ಟಿಕ್ ಕವರು ಹಾಕಿ, ಒಳಗೆ ಬಂದೊಡನೆ ತೆಗೆಯಿರಿ. ಹಾಗೇ ಬಿಟ್ಟರೆ ಬೆವರಿಗೆ ಚರ್ಮ ಕೊಳೆಯುತ್ತದೆ. ಒದ್ದೆಯಾದ ಪಟ್ಟಿಯನ್ನು ಒಲೆಯ ಮುಂದೆ ಒಣಗಿಸುವಂತಿಲ್ಲ, ಬದಲಿಸಲೇಬೇಕು. ಹೊಲಿಗೆಯ ಗಾಯಕ್ಕೆ ನೊಣ ಕೂತರೆ ಹುಳ ಬೀಳುತ್ತದೆ. ಅಂಗಳದ ಹುಲ್ಲಿನಿಂದ ಉಂಬಳ ಹತ್ತಿ ಬರುತ್ತದೆ. ಗಾಯವನ್ನು ನಾಯಿ ನೆಕ್ಕದಂತೆ ಕೊರಳಿಗೆ ಕಟ್ಟುವ ಶಂಕುವಿನಾಕಾರದ ಕಾಲರ್ ತೆಗೆಯಬೇಡಿ. ನೋಡಿ ಮರುಕವಾದರೂ ಹೊಲಿಗೆ ಬಿಚ್ಚುವ ತನಕ ಇರಲಿ.

ಊಟದಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಬರೀ ಅನ್ನ-ಮಜ್ಜಿಗೆ. ಅಕ್ಕಿಯಲ್ಲಿ ಕ್ಯಾಲ್ಸಿಯಂ ಅತ್ಯಲ್ಪ. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂಗೂ ಹೆಚ್ಚಿದೆ, ಹಾಲಿನಲ್ಲಿ ಸುಮಾರು 120 ಇದೆ. ಎಲುಬು ಕಟ್ಟಲು ಪ್ರೋಟೀನೂ ಬೇಕು. ಮೊಟ್ಟೆ ತರದ ಮನೆಯಲ್ಲಿ ನಾಯಿಗಾಗಿಯೇ ತಯಾರಾದ ಸಮತೋಲನದ ಆಹಾರ ಅನುಕೂಲ. ಇನ್ನೊಂದು ತಪ್ಪು, ಬೇಗ ಕೂಡಲೆಂದು ಕ್ಯಾಲ್ಸಿಯಂ ಗುಳಿಗೆ ಸುರಿಯುವುದು. ಸರಿಯಾದ ಆಹಾರ ತಿನ್ನುವ ನಾಯಿಗೆ ಅದರಿಂದ ಲಾಭವಿಲ್ಲ, ಬೆಳೆಯುವ ಮರಿಗೆ ಹೆಚ್ಚಾದರೆ ಹಾನಿ. ಪಾಪವೆಂದು ತಿನ್ನಿಸುವುದಕ್ಕೂ ಮಿತಿಯಿರಲಿ. ವಿಶ್ರಾಂತಿಯಲ್ಲಿರುವ ಮೂರು ಕೆ.ಜಿ. ನಾಯಿಗೆ ದಿನಕ್ಕೆ 200 ಕಿಲೋಕ್ಯಾಲೊರಿ ಆಸುಪಾಸು ಸಾಕು. ತುಪ್ಪ ಸವರಿದ ದೊಡ್ಡ ದೋಸೆಯೊಂದರಲ್ಲೇ ಅದರ ಹೆಚ್ಚಿನ ಪಾಲು ಮುಗಿಯುತ್ತದೆ. ತೂಕ ಏರಿದರೆ ಹೊರಬೇಕಾದ್ದು ಅದೇ ತೆಳು ಎಲುಬು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಯಾವ ನಾಯಿಗೂ ಬೇಡ.

ವಿಶ್ರಾಂತಿ ಎಂದರೆ ಕಾಲನ್ನು ಮರೆತುಬಿಡುವುದಲ್ಲ. ಅಲುಗದ ಕೀಲು ಬಿಗಿಯುತ್ತದೆ, ಸ್ನಾಯು ಕರಗುತ್ತದೆ. ಪ್ಲೇಟು ಹಾಕಿದ ಕಾಲಾದರೆ ವೈದ್ಯರು ಹೇಳಿದ ದಿನದಿಂದ, ಅವರು ತೋರಿಸಿದ ಹಾಗೆ, ನಾಯಿ ಮಲಗಿದ್ದಾಗ ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೆಲ್ಲಗೆ ಮಡಚಿ ಬಿಡಿಸಬೇಕು. ಮುಖ ತಿರುಗಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಆಮೇಲೆ ಹಗ್ಗ ಹಿಡಿದು ತೀರಾ ನಿಧಾನದ ನಡಿಗೆ. ವೇಗವಾಗಿ ನಡೆಸಿದರೆ ನಾಯಿ ಜಾಣತನದಿಂದ ಮೂರೇ ಕಾಲಿನಲ್ಲಿ ಕುಪ್ಪಳಿಸುತ್ತದೆ. ನಿಧಾನಿಸಿದಾಗ ಮಾತ್ರ ನಾಲ್ಕನೆಯದನ್ನು ಊರುತ್ತದೆ. ಆರರಿಂದ ಎಂಟನೇ ವಾರದಲ್ಲಿ ಮತ್ತೊಂದು ಎಕ್ಸ್-ರೇ ತೆಗೆಸಿ, ಎಲುಬು ಕೂಡಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಬಿಡುಗಡೆ.

"ಒಂದು ನಾಯಿಗೆ ಇಷ್ಟೆಲ್ಲ ಬೇಕಾ?"

ಖರ್ಚು, ಓಡಾಟ ಕಂಡವರು ಹೀಗೆ ಕೇಳುತ್ತಾರೆ. ಕನ್ನಡನಾಡು ಈ ಪ್ರಶ್ನೆಗೆ ಸಾವಿರ ವರ್ಷದ ಹಿಂದೆಯೇ ಉತ್ತರ ಕೊಟ್ಟಿದೆ. ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949-50ರ ಆತಕೂರು ಶಾಸನವನ್ನು ನೋಡಿ. ಗಂಗರ ಬೂತುಗನ ಬಂಟ ಮಣಲೇರ ತಕ್ಕೋಲದ ಯುದ್ಧದಲ್ಲಿ ಮೆರೆದ. ಬೇಕಾದ್ದು ಕೇಳು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಕಾಳಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು.

ಹಾಗೆಂದು ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸಲಾಗದ ಮನೆಯವರನ್ನು ದೂರುವಂತಿಲ್ಲ. ಅವರಿಗೂ ದಾರಿಯಿದೆ. ಎಲುಬು ಕೂಡುವ ಆಸೆಯೇ ಇಲ್ಲದಾಗ ಕಾಲು ತೆಗೆಸಿದರೂ ನಾಯಿ ಬದುಕುತ್ತದೆ. ಹಗುರ ಮೈಯ ಪುಟ್ಟ ನಾಯಿಗಳು ಮೂರು ಕಾಲಿನಲ್ಲಿ ಬೇಗ ಹೊಂದಿಕೊಂಡು ಓಡಾಡುತ್ತವೆ. ಕಾಲು ಮುರಿದ ಮಾತ್ರಕ್ಕೆ ದಯಾಮರಣದ ಮಾತೆತ್ತಬೇಕಿಲ್ಲ. ನೋವಿಗೆ ಔಷಧ ಕೊಡಿಸದೆ ಮೂಲೆಯಲ್ಲಿ ಬಿಡುವುದು ಮಾತ್ರ ಯಾವ ಲೆಕ್ಕದಲ್ಲೂ ಒಪ್ಪತಕ್ಕದ್ದಲ್ಲ.

ಮುರಿಯದಂತೆ ನೋಡಿಕೊಳ್ಳುವುದು ಇದೆಲ್ಲಕ್ಕಿಂತ ಅಗ್ಗ. ಮಕ್ಕಳು ಮರಿಯನ್ನು ಎತ್ತಿಕೊಳ್ಳುವುದಾದರೆ ನೆಲದ ಮೇಲೆ ಕೂತೇ ಎತ್ತಿಕೊಳ್ಳಲಿ. ಮುಂಗಾಲು ಹಿಡಿದು ಎತ್ತಬಾರದು, ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದಡಿ ಇರಬೇಕು. ಮಂಚ, ಸೋಫಾದ ಪಕ್ಕ ಮೆಟ್ಟಿಲಿನಂತೆ ಒಂದು ಮಣೆ ಇಡಿ. ಜಗಲಿಯ ತುದಿಗೆ ಹಲಗೆಯ ತಡೆ ಮಾಡಿ. ನುಣುಪು ನೆಲಕ್ಕೆ ಚಾಪೆ ಹಾಸಿ. ಕಾರು ಹಿಂದಕ್ಕೆ ತೆಗೆಯುವ ಮೊದಲು ನಾಯಿ ಎಲ್ಲಿದೆ ಎಂದು ಒಮ್ಮೆ ನೋಡಿ.

ಊರಿನಲ್ಲಿ ಪುಟ್ಟ ನಾಯಿಗಳು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ, ಸಾಕುನಾಯಿಗಳ ಎಲುಬಿನ ಚಿಕಿತ್ಸೆಗೆ ಬೇಕಾದ ಸಲಕರಣೆ ಮತ್ತು ತರಬೇತಿ ಮಲೆನಾಡಿನ ತಾಲ್ಲೂಕು ಪಶು ಆಸ್ಪತ್ರೆಗಳಿಗೂ ಸಿಗಬೇಕೆಂದು ಗ್ರಾಮಸಭೆಗಳಲ್ಲಿ, ಸಹಕಾರಿ ಸಂಘಗಳ ಸಭೆಗಳಲ್ಲಿ ನಾವು ಕೇಳಬೇಕು. ಅದು ಬರುವ ತನಕ ಇಷ್ಟು ಮಾಡಿ: ಹತ್ತಿರದ ಪಶುವೈದ್ಯರ ನಂಬರನ್ನು ಇಂದೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕಾಲು ಎತ್ತಿಕೊಂಡು ನಿಂತ ಪುಟ್ಟ ನಾಯಿಗೆ ನಾಲ್ಕು ದಿನ ಕಾಯಬೇಡಿ, ಅಂದೇ ಎಕ್ಸ್-ರೇ ತೆಗೆಸಿ.